‘ಪ್ರಾಮ್ ಕ್ವೀನ್’ ನೋಡಿ ಬೇಜಾರಾಯ್ತಾ? ಹದಿಹರೆಯದ ಕೊಲೆ ಕಥೆಗಳಲ್ಲಿ ಯಾವುದು ಯಾರಿಗೆ

‘ಫಿಯರ್ ಸ್ಟ್ರೀಟ್: ಪ್ರಾಮ್ ಕ್ವೀನ್’ ಸಿನಿಮಾದಲ್ಲಿ ಕೊಲೆಗಳಿಗೇನೂ ಬರ ಇಲ್ಲ. ಕೆಂಪು ರೇನ್‌ಕೋಟ್ ಇದೆ, ಮುಖವಾಡ ಇದೆ, ಕೊಡಲಿ ಇದೆ. ಹುಡುಗಿಯರು ಒಬ್ಬೊಬ್ಬರಾಗಿ ಸಾಯುತ್ತಾರೆ. ಸತ್ತವರ ಬಗ್ಗೆ ಯಾರಿಗೂ ಅಂಥ ಬೇಜಾರಿಲ್ಲ, ಅದೊಂದೇ ಕೊರತೆ.

ಇದು ನೆಟ್‌ಫ್ಲಿಕ್ಸ್‌ಗೆ ಬಂದದ್ದು 2025ರ ಮೇ 23ಕ್ಕೆ. ಆ ವರ್ಷ ಮಳೆಯೂ ಬೇಗ ಬಂದಿತ್ತು. ಕಾಲೇಜು ಇನ್ನೂ ಸರಿಯಾಗಿ ಶುರುವಾಗಿಲ್ಲ, ಹೊರಗೆ ಕಾಲಿಡಲಿಕ್ಕೆ ಆಗದ ಮಳೆ, ಮನೆಯಲ್ಲಿ ಪಿಯುಸಿ ಓದುವ ಮಕ್ಕಳು. ಇಂಥ ಹೊತ್ತಿಗೆ ಒಂದು ಒಳ್ಳೆಯ ಕೊಲೆ ರಹಸ್ಯ ಸಿಕ್ಕಿದರೆ ಮಂಗಳೂರು, ಉಡುಪಿಯಲ್ಲಿ ಯಾರು ಬೇಡ ಅನ್ನುತ್ತಾರೆ ಮಾರಾಯ್ರೆ? ಸಿಕ್ಕಿದ್ದು ಮಾತ್ರ ಇದು.

ಹೈಸ್ಕೂಲು, ಕಾಲೇಜು ವಯಸ್ಸಿನವರ ನಡುವೆ ಒಂದು ಕೊಲೆ ನಡೆದು, ಮಾಡಿದ್ದು ಯಾರು ಅಂತ ಹುಡುಕುವ ಕಥೆಗಳು ಬೇಕಾದಷ್ಟು ಉಂಟು. ಪೋಸ್ಟರ್ ನೋಡಿದರೆ ಎಲ್ಲ ಒಂದೇ ಥರ: ಕತ್ತಲು, ಐದಾರು ಮುಖ, ಒಂದು ಚಾಕು. ಒಳಗಿನ ಸರಕು ಬೇರೆ ಬೇರೆ. ಅದಕ್ಕೇ ಒಂದನ್ನು ಒಂದರ ಪಕ್ಕ ಇಟ್ಟು ನೋಡೋಣ. ಕೊಲೆಗಾರ ಯಾರು ಅಂತ ಇಲ್ಲಿ ಎಲ್ಲೂ ಬಾಯಿ ಬಿಡುವುದಿಲ್ಲ, ಹೆದರಬೇಡಿ.

ಮೊದಲು, ‘ಪ್ರಾಮ್ ಕ್ವೀನ್’ ಎಲ್ಲಿ ಕೆಟ್ಟಿತು

ಪ್ರಾಮ್ ಅಂದರೆ ಅಮೆರಿಕದ ಹೈಸ್ಕೂಲುಗಳಲ್ಲಿ ಕೊನೆಯ ವರ್ಷ ನಡೆಯುವ ನೃತ್ಯದ ರಾತ್ರಿ. ಮತ ಹಾಕಿ ಒಬ್ಬ ಹುಡುಗಿಯನ್ನು ರಾಣಿ ಅಂತ ಆರಿಸುತ್ತಾರೆ. ಕಥೆ ನಡೆಯುವುದು 1988ರಲ್ಲಿ, ಶೇಡಿಸೈಡ್ ಎಂಬ ಕಾಲ್ಪನಿಕ ಊರಿನಲ್ಲಿ. ನಾಯಕಿ ಲೋರಿ ಸ್ಪರ್ಧಿಗಳಲ್ಲಿ ಒಬ್ಬಳು. ಅವಳ ಅಪ್ಪನ ಕೊಲೆಯ ಅನುಮಾನ ಅಮ್ಮನ ಮೇಲೆ ಇತ್ತು, ಊರು ಇನ್ನೂ ಅದನ್ನು ಆಡಿಕೊಳ್ಳುತ್ತಿದೆ. ಎದುರಾಳಿ ಟಿಫನಿ, ದುಡ್ಡಿರುವ ಮನೆಯ ಜಂಬದ ಹುಡುಗಿ. ರಾಣಿಯಾಗಲು ನಿಂತವರನ್ನೇ ಯಾರೋ ಕೊಲ್ಲಲು ಶುರು ಮಾಡುತ್ತಾರೆ.

ಕೇಳಲಿಕ್ಕೆ ಚೆನ್ನಾಗಿದೆ ಅಲ್ವಾ? ತೊಂದರೆ ಶುರುವಾಗುವುದೇ ಇಲ್ಲಿ. ಸ್ಪರ್ಧಿಗಳು ನಮಗೆ ಪರಿಚಯವಾಗುವ ಮೊದಲೇ ಹೋಗಿಬಿಡುತ್ತಾರೆ. ಮೊದಲು ಸಾಯುವ ಹುಡುಗಿ ಎಲ್ಲಿ ಹೋದಳು ಎಂಬ ಚಿಂತೆ ಉಳಿದವರಿಗೆ ಹೆಚ್ಚು ಹೊತ್ತು ಕಾಡುವುದಿಲ್ಲ. ಹಾಡು ಹಾಕುತ್ತಾರೆ, ಕುಣಿಯುತ್ತಾರೆ, ಪಕ್ಕದ ಕೋಣೆಯಲ್ಲಿ ಇನ್ನೊಬ್ಬರು ಹೋಗುತ್ತಾರೆ. ಸುಮಾರು ಒಂದೂವರೆ ಗಂಟೆಯ ಸಿನಿಮಾ. ಅಷ್ಟರಲ್ಲಿ ಅಷ್ಟೊಂದು ಹುಡುಗಿಯರನ್ನು ಪರಿಚಯ ಮಾಡಿಸಿ, ಕೊಂದು, ರಹಸ್ಯವನ್ನೂ ಬಿಡಿಸಬೇಕು. ಮೂರರಲ್ಲಿ ಒಂದಕ್ಕೂ ಸಮಯ ಸಾಲುವುದಿಲ್ಲ.

ಇನ್ನೊಂದು ಲೆಕ್ಕಾಚಾರದ ತಪ್ಪು. ಅನುಮಾನ ಪಡಬೇಕಾದವರನ್ನೇ ಕೊಲ್ಲುತ್ತಾ ಹೋದರೆ ಕೊನೆಗೆ ಉಳಿಯುವವರು ಯಾರು? ತಲೆ ಎಣಿಸಿದರೆ ಸಾಕು, ಉತ್ತರ ಹತ್ತಿರ ಬರುತ್ತದೆ. ಮೇಲಿಂದ ತನಿಖೆ ಮಾಡುವವರೇ ಇಲ್ಲ. ಯಾರೂ ಪ್ರಶ್ನೆ ಕೇಳುವುದಿಲ್ಲ, ಯಾರೂ ಎರಡು ಸುಳಿವನ್ನು ಜೋಡಿಸುವುದಿಲ್ಲ. ಕೊನೆಯಲ್ಲಿ ಮುಖವಾಡ ಕಳಚುತ್ತದೆ, ‘ಓಹೋ, ಇವರಾ’ ಅಂತ ನಾವು ತಲೆ ಆಡಿಸುತ್ತೇವೆ. ಆಶ್ಚರ್ಯವೂ ಇಲ್ಲ, ‘ನನಗೆ ಆಗಲೇ ಗೊತ್ತಿತ್ತು’ ಎನ್ನುವ ಖುಷಿಯೂ ಇಲ್ಲ.

ಪತ್ತೇದಾರಿ ಕಥೆಗೆ ನಿಯಮಗಳಿವೆ ಅಂತ ರೊನಾಲ್ಡ್ ನಾಕ್ಸ್ ಎಂಬ ಇಂಗ್ಲಿಷ್ ಪಾದ್ರಿ 1929ರಲ್ಲೇ ಪಟ್ಟಿ ಮಾಡಿಟ್ಟಿದ್ದರು. ಅಪರಾಧಿ ಕಥೆಯ ಆರಂಭದಲ್ಲೇ ಕಾಣಿಸಿಕೊಂಡಿರಬೇಕು, ಪತ್ತೇದಾರನಿಗೆ ಸಿಕ್ಕಿದ ಸುಳಿವನ್ನು ಓದುಗರಿಂದ ಮುಚ್ಚಿಡಬಾರದು, ಹೀಗೆ ಹತ್ತು. ‘ಪ್ರಾಮ್ ಕ್ವೀನ್’ ಮೊದಲನೆಯದನ್ನು ಪಾಲಿಸುತ್ತದೆ. ಎರಡನೆಯದನ್ನು ಮುರಿಯುವ ಪ್ರಶ್ನೆಯೇ ಬರುವುದಿಲ್ಲ, ಯಾಕೆಂದರೆ ಪತ್ತೇದಾರನೇ ಇಲ್ಲ.

ಆದರೆ ಕೊಲೆಗಾರನನ್ನು ಸುಲಭವಾಗಿ ಊಹಿಸಬಹುದು ಎನ್ನುವುದು ನನ್ನ ಪ್ರಕಾರ ದೊಡ್ಡ ದೋಷ ಅಲ್ಲ. ‘ಕೀಚಕ ವಧೆ’ ಪ್ರಸಂಗ ನೋಡಲು ಕೂತವರಿಗೆ ಸಾಯುವವನು ಯಾರು, ಕೊಲ್ಲುವವನು ಯಾರು ಅಂತ ಚೆಂಡೆ ಬಡಿಯುವ ಮೊದಲೇ ಗೊತ್ತಿರುತ್ತದೆ. ಆದರೂ ಎದ್ದು ಹೋಗುವುದಿಲ್ಲ. ಸೈರಂಧ್ರಿಯ ಸಂಕಟ ನಮ್ಮದಾಗಿರುತ್ತದೆ, ಅದಕ್ಕೆ. ಕೊಲೆ ಕಥೆ ನಿಲ್ಲುವುದು ಕೊಂದವರ ಮೇಲೆ ಅಲ್ಲ, ಸತ್ತವರ ಮೇಲೆ. ಸತ್ತ ಹುಡುಗಿ ಯಾರು, ಅವಳಿಗೆ ಏನು ಇಷ್ಟ ಇತ್ತು, ಅವಳು ಇಲ್ಲದೆ ಯಾರ ಊಟ ಕೆಟ್ಟಿತು, ಇದು ಗೊತ್ತಾಗದಿದ್ದರೆ ಮುಖವಾಡದ ಹಿಂದೆ ಯಾರಿದ್ದರೆ ನಮಗೇನು?

ಈ ಪ್ರಶ್ನೆಯನ್ನೇ ಕೈಯಲ್ಲಿ ಹಿಡಿದುಕೊಂಡು ಮುಂದಿನವನ್ನು ಅಳೆದಿದ್ದೇನೆ.

ನ್ಯಾಯವಾಗಿ ಒಂದು ಮಾತು: ಲೋರಿಯ ಗೆಳತಿ ಮೇಗನ್ ಪಾತ್ರ ಚೆನ್ನಾಗಿದೆ. ಹಾರರ್ ಸಿನಿಮಾ ಹುಚ್ಚಿನ ಹುಡುಗಿ, ಅವಳು ಬಂದಾಗಲೆಲ್ಲ ಸಿನಿಮಾಕ್ಕೆ ಜೀವ ಬರುತ್ತದೆ. ಎಂಬತ್ತರ ದಶಕದ ಹಾಡುಗಳೂ ಸೊಗಸಾಗಿವೆ. ಕಥೆ ಬಿಟ್ಟು ಹಾಡು, ಬಟ್ಟೆ, ಕುಣಿತ ಇಷ್ಟೇ ಬೇಕಾದವರು ನೋಡಬಹುದು, ಬೇಡ ಅನ್ನುವುದಿಲ್ಲ.

ರಕ್ತವೂ ಬೇಕು, ಕಥೆಯೂ ಬೇಕು ಅನ್ನುವವರಿಗೆ

ಇಲ್ಲಿ ಆಯ್ಕೆ ಎರಡರ ನಡುವೆ. ಒಂದು, ಇದೇ ‘ಫಿಯರ್ ಸ್ಟ್ರೀಟ್’ ಹೆಸರಿನಲ್ಲಿ 2021ರಲ್ಲಿ ಬಂದ ಮೂರು ಸಿನಿಮಾ. ಇನ್ನೊಂದು 1996ರ ‘ಸ್ಕ್ರೀಮ್’.

ಆರ್.ಎಲ್. ಸ್ಟೈನ್ ಅವರ ‘ಫಿಯರ್ ಸ್ಟ್ರೀಟ್’ ಪುಸ್ತಕಗಳು ಬರಲು ಶುರುವಾದದ್ದು 1989ರಲ್ಲಿ. ‘ಗೂಸ್‌ಬಂಪ್ಸ್’ ಬರೆದವರೂ ಅವರೇ. ಅವರ ಶೇಡಿಸೈಡ್ ಊರನ್ನು ಇಟ್ಟುಕೊಂಡು ಲೀ ಜಾನಿಯಾಕ್ ಎಂಬ ನಿರ್ದೇಶಕಿ 1994, 1978, 1666 ಎಂಬ ಮೂರು ಕಾಲದ ಕಥೆ ಹೇಳಿದರು. 2021ರ ಜುಲೈನಲ್ಲಿ ವಾರಕ್ಕೊಂದರಂತೆ ಬಿಡುಗಡೆಯಾಯಿತು. ಕಾಲ ಹಿಂದೆ ಹಿಂದೆ ಹೋಗುತ್ತದೆ. ಮೊದಲನೆಯದರಲ್ಲಿ ಉಳಿದ ಪ್ರಶ್ನೆಗೆ ಎರಡನೆಯದು ಅರ್ಧ ಉತ್ತರ ಕೊಡುತ್ತದೆ, ಮೂರನೆಯದು ಇಡೀ ಲೆಕ್ಕವನ್ನೇ ತಿರುವಿ ಹಾಕುತ್ತದೆ.

‘ಪ್ರಾಮ್ ಕ್ವೀನ್’ ಜೊತೆ ಹೋಲಿಸಿದರೆ ದೊಡ್ಡ ವ್ಯತ್ಯಾಸ ಊರಿನದ್ದು. ಆ ಮೂರರಲ್ಲಿ ಶೇಡಿಸೈಡ್‌ಗೆ ಪಕ್ಕದಲ್ಲೇ ಸನ್ನಿವೇಲ್ ಎಂಬ ಇನ್ನೊಂದು ಊರು. ಅಲ್ಲಿ ದುಡ್ಡು, ಒಳ್ಳೆಯ ಮನೆ, ಒಳ್ಳೆಯ ಹೆಸರು. ಇಲ್ಲಿ ಸಾವು. ಯಾಕೆ ಹೀಗೆ ಅನ್ನುವುದೇ ನಿಜವಾದ ರಹಸ್ಯ. ಶೇಡಿಸೈಡ್ ಹುಡುಗರು ಸತ್ತಾಗ ‘ಅದು ಶೇಡಿಸೈಡ್ ಅಲ್ವಾ, ಅಲ್ಲಿ ಹಾಗೇ’ ಅಂತ ಎಲ್ಲರೂ ಕೈ ತೊಳೆದುಕೊಳ್ಳುತ್ತಾರೆ. ನಮಗೆ ಸಿಟ್ಟು ಬರುವುದೇ ಆ ಮಾತಿಗೆ. 2025ರ ಸಿನಿಮಾದಲ್ಲಿ ಊರಿನ ಹೆಸರು ಉಳಿದಿದೆ, ಆ ಸಿಟ್ಟು ಉಳಿದಿಲ್ಲ.

ಎರಡು ಎಚ್ಚರಿಕೆ. ಇದು ಶುದ್ಧ ಪತ್ತೇದಾರಿ ಅಲ್ಲ, ಮಾಟಗಾತಿಯ ಶಾಪ ಗೀಪ ಉಂಟು. ಸುಳಿವು ಜೋಡಿಸಿ ಉತ್ತರ ಹಿಡಿಯುತ್ತೇನೆ ಎಂದು ಕೂತರೆ ಬೇಸರ ಬರಬಹುದು. ಮತ್ತೆ, ಮೂರೂ ಸೇರಿ ಸುಮಾರು ಐದೂವರೆ ಗಂಟೆ. ಮೊದಲನೆಯದರ ಕೊನೆಗೆ ಬ್ರೆಡ್ ಕತ್ತರಿಸುವ ಯಂತ್ರದ ಒಂದು ದೃಶ್ಯ ಇದೆ. ಊಟದ ತಟ್ಟೆ ಹಿಡಿದು ಕೂರಬೇಡಿ.

‘ಸ್ಕ್ರೀಮ್’ ಬೇರೆಯೇ ಜಾತಿ. ವೆಸ್ ಕ್ರೇವನ್ ನಿರ್ದೇಶನ, ಕೆವಿನ್ ವಿಲಿಯಮ್ಸನ್ ಬರವಣಿಗೆ. ಸುಮಾರು ಒಂದೂವರೆ ಕೋಟಿ ಡಾಲರ್ ಖರ್ಚು ಮಾಡಿ ಜಗತ್ತಿನಾದ್ಯಂತ ಹದಿನೇಳು ಕೋಟಿ ಡಾಲರ್ ದಾಟಿದ ಸಿನಿಮಾ. ಪೋಸ್ಟರಿನಲ್ಲಿ ಡ್ರೂ ಬ್ಯಾರಿಮೋರ್ ಮುಖ ದೊಡ್ಡದಾಗಿ ಇತ್ತು. ಜನ ಅವಳೇ ನಾಯಕಿ ಅಂದುಕೊಂಡು ಕೂತರು. ಮೊದಲ ದೃಶ್ಯದಲ್ಲೇ ಅವಳ ಕಥೆ ಮುಗಿಯುತ್ತದೆ.

ಆ ಮೊದಲ ದೃಶ್ಯವನ್ನೇ ‘ಪ್ರಾಮ್ ಕ್ವೀನ್’ ಪಕ್ಕದಲ್ಲಿ ಇಟ್ಟು ನೋಡಿ. ಒಬ್ಬ ಹುಡುಗಿ, ಒಂದು ಮನೆ, ಒಂದು ಫೋನ್. ಒಲೆ ಮೇಲೆ ಪಾಪ್‌ಕಾರ್ನ್. ಆ ಕಡೆಯಿಂದ ಮಾತಾಡುವವನು ಮೊದಲು ಸಲುಗೆಯಿಂದ, ಆಮೇಲೆ ಬೇರೆ ಥರ ಮಾತಾಡುತ್ತಾನೆ. ಹತ್ತು ಹನ್ನೆರಡು ನಿಮಿಷ ಅಷ್ಟೇ. ಅಷ್ಟರಲ್ಲಿ ಅವಳಿಗೆ ಯಾವ ಸಿನಿಮಾ ಇಷ್ಟ, ಅವಳ ಗೆಳೆಯ ಯಾರು, ಅವಳ ಅಪ್ಪ ಅಮ್ಮ ಎಷ್ಟು ದೂರದಲ್ಲಿ ಇದ್ದಾರೆ, ಎಲ್ಲ ಗೊತ್ತಾಗುತ್ತದೆ. ಅವಳು ಸಾಯುವಾಗ ನಮಗೆ ಉಸಿರು ಸಿಕ್ಕಿಕೊಳ್ಳುತ್ತದೆ. ಇಡೀ ‘ಪ್ರಾಮ್ ಕ್ವೀನ್’ ಮಾಡಲಾಗದ ಕೆಲಸವನ್ನು ಇದು ಒಂದು ದೃಶ್ಯದಲ್ಲಿ ಮಾಡುತ್ತದೆ.

ನಿಜವಾದ ನಾಯಕಿ ಸಿಡ್ನಿ. ಅವಳ ಅಮ್ಮನ ಕೊಲೆಯಾಗಿ ಒಂದು ವರ್ಷ ಆಗುತ್ತಾ ಬಂದಿದೆ. ಲೋರಿಗೂ ಇಂಥದ್ದೇ ಹಳೆಯ ಗಾಯ ಇತ್ತು ನೋಡಿ. ಆದರೆ ಸಿಡ್ನಿಯ ಗಾಯ ಕಥೆಯ ಒಳಗೇ ಇದೆ. ಅವಳು ಯಾರನ್ನು ನಂಬುತ್ತಾಳೆ, ಯಾರಿಂದ ದೂರ ಸರಿಯುತ್ತಾಳೆ ಎಲ್ಲವೂ ಅದರಿಂದಲೇ ಬರುತ್ತದೆ. ಲೋರಿಯ ಗಾಯ ಊರಿನವರು ಚುಚ್ಚಲಿಕ್ಕೆ ಮಾತ್ರ ಇದೆ.

ವಯಸ್ಸಾದ ಲಕ್ಷಣ ‘ಸ್ಕ್ರೀಮ್’ಗೂ ಇದೆ. ಒಬ್ಬ ಹುಡುಗನ ಜೇಬಿನಿಂದ ಮೊಬೈಲ್ ಬಿದ್ದದ್ದೇ ಅನುಮಾನಕ್ಕೆ ಕಾರಣ! ಇವತ್ತು ಹೈಸ್ಕೂಲು ಮಕ್ಕಳ ಕೈಯಲ್ಲೂ ಅದಿದೆ. ಜೊತೆಗೆ ನೋಡುವ ಮಕ್ಕಳು ನಕ್ಕರೆ ‘ಅದು 1996’ ಅಂತ ಹೇಳಬೇಕಾಗುತ್ತದೆ. ಸಿನಿಮಾದಲ್ಲಿ ಪಾತ್ರಗಳೇ ಹಾರರ್ ಸಿನಿಮಾಗಳ ನಿಯಮ ಹೇಳಿ ತಮಾಷೆ ಮಾಡುತ್ತವೆ. ಹಳೆಯ ಹಾರರ್ ಏನೂ ನೋಡದವರಿಗೆ ಆ ತಮಾಷೆ ಅರ್ಧ ಮಾತ್ರ ತಾಗುತ್ತದೆ, ಭಯ ಪೂರ್ತಿ ತಾಗುತ್ತದೆ.

ಎರಡರಲ್ಲಿ ಒಂದು ಅಂದರೆ ನಾನು ‘ಸ್ಕ್ರೀಮ್’ ಅನ್ನುತ್ತೇನೆ. ವಾರಾಂತ್ಯ ಪೂರ್ತಿ ಖಾಲಿ ಇದ್ದರೆ ಆ ಮೂರು.

ವಿಲಿಯಮ್ಸನ್ ಅವರೇ ಚಿತ್ರಕಥೆ ಬರೆದ ‘ಐ ನೋ ವಾಟ್ ಯು ಡಿಡ್ ಲಾಸ್ಟ್ ಸಮ್ಮರ್’ ಮರುವರ್ಷ, ಅಂದರೆ 1997ರಲ್ಲಿ ಬಂತು. ಹೆಸರು ದೊಡ್ಡದು, ಸಿನಿಮಾ ಸಾಧಾರಣ. ಮೀನುಗಾರಿಕೆಯ ಊರು, ರೇನ್‌ಕೋಟ್ ಹಾಕಿಕೊಂಡು ಕೈಯಲ್ಲಿ ಕೊಕ್ಕೆ ಹಿಡಿದ ಕೊಲೆಗಾರ. ಮಲ್ಪೆ ಬಂದರಿನಲ್ಲಿ ಓಡಾಡಿದವರು ಆ ವೇಷಕ್ಕೆ ಹೆದರುತ್ತಾರೆ ಅಂತ ನನಗೆ ಅನ್ನಿಸುವುದಿಲ್ಲ. ಅದರ ಹಿಂದಿನ ಕಥೆ ಮಾತ್ರ ಮನಸ್ಸಿಗೆ ತಾಗುತ್ತದೆ. ಮೂಲ ಕಾದಂಬರಿ ಲೋಯಿಸ್ ಡಂಕನ್ ಬರೆದದ್ದು, 1973ರಲ್ಲಿ. ತಪ್ಪು ಮಾಡಿ ಮುಚ್ಚಿಟ್ಟ ನಾಲ್ಕು ಮಕ್ಕಳ ಮನಸ್ಸಿನ ಕಥೆ ಅದು. ಸಿನಿಮಾ ಅದನ್ನು ಕೊಕ್ಕೆಯ ಸಾಲುಕೊಲೆ ಮಾಡಿತು. ಡಂಕನ್ ಅವರ ಸ್ವಂತ ಮಗಳು 1989ರಲ್ಲಿ ಕೊಲೆಯಾಗಿದ್ದಳು. ತಮ್ಮ ಪುಸ್ತಕ ಹೀಗಾದದ್ದು ಅವರಿಗೆ ತುಂಬಾ ನೋವು ತಂದಿತ್ತು, ಅದನ್ನು ಅವರು ಬಹಿರಂಗವಾಗಿಯೇ ಹೇಳಿದ್ದರು. ಸತ್ತವರನ್ನು ಬರೀ ಲೆಕ್ಕಕ್ಕೆ ಇಟ್ಟುಕೊಳ್ಳುವ ಸಿನಿಮಾ ನೋಡುವಾಗೆಲ್ಲ ನನಗೆ ಇದು ನೆನಪಾಗುತ್ತದೆ.

‘ದೇರ್ಸ್ ಸಮ್‌ಒನ್ ಇನ್‌ಸೈಡ್ ಯುವರ್ ಹೌಸ್’ (2021, ನೆಟ್‌ಫ್ಲಿಕ್ಸ್) ಬಗ್ಗೆ ಕೇಳುವವರಿದ್ದಾರೆ. ಕೊಲೆಗಾರ ಸಾಯುವವರ ಮುಖದ್ದೇ ಮುಖವಾಡ ಮಾಡಿಸಿ ಹಾಕಿಕೊಂಡು ಬರುತ್ತಾನೆ, ಅವರ ಗುಟ್ಟನ್ನು ಎಲ್ಲರಿಗೂ ಬಯಲು ಮಾಡುತ್ತಾನೆ. ಮಕ್ಕಳೆಲ್ಲ ಒಂದು ಪಾರ್ಟಿ ಮಾಡಿ ತಮ್ಮ ಗುಟ್ಟನ್ನು ತಾವೇ ಹೇಳಿಕೊಳ್ಳುತ್ತಾರೆ. ಎಂಥ ಒಳ್ಳೆಯ ಯೋಚನೆ! ಕೊನೆಗೆ ಕೊಲೆಗಾರ ನಿಂತು ಭಾಷಣ ಮಾಡುವಾಗ ಎಲ್ಲ ನೀರಿಗೆ ಹೋಗುತ್ತದೆ. ‘ಪ್ರಾಮ್ ಕ್ವೀನ್’ಗಿಂತ ಸ್ವಲ್ಪ ವಾಸಿ. ಸ್ವಲ್ಪ ಅಷ್ಟೇ.

ರಕ್ತ ಬೇಡ, ತಲೆಗೆ ಕೆಲಸ ಬೇಕು ಅನ್ನುವವರಿಗೆ

ಈ ವಿಭಾಗಕ್ಕೇ ನಾನು ಹೆಚ್ಚು ಸಮಯ ಕೊಡುತ್ತೇನೆ. ನಿಜವಾದ ಹೋಲಿಕೆ ಇರುವುದೂ ಇಲ್ಲೇ: ‘ಬ್ರಿಕ್’ ಎಂಬ ಸಿನಿಮಾ, ‘ಎ ಗುಡ್ ಗರ್ಲ್ಸ್ ಗೈಡ್ ಟು ಮರ್ಡರ್’ ಎಂಬ ಸರಣಿ. ಎರಡರಲ್ಲೂ ಓದುವ ಮಕ್ಕಳೇ ಪತ್ತೇದಾರರು. ಎರಡರಲ್ಲೂ ಸತ್ತ ಹುಡುಗಿಯೇ ಕಥೆಯ ನಡುಗಂಬ. ಆದರೆ ಒಂದಕ್ಕೊಂದು ಹೋಲಿಕೆಯೇ ಇಲ್ಲ.

‘ಬ್ರಿಕ್’ 2005ರದ್ದು. ಮುಂದೆ ‘ನೈವ್ಸ್ ಔಟ್’ ಮಾಡಿದ ರಿಯಾನ್ ಜಾನ್ಸನ್ ಅವರ ಮೊದಲ ಸಿನಿಮಾ. ಐದು ಲಕ್ಷ ಡಾಲರಿಗೂ ಕಡಿಮೆ ಖರ್ಚಿನಲ್ಲಿ, ತಾನು ಓದಿದ ಕ್ಯಾಲಿಫೋರ್ನಿಯಾದ ಹೈಸ್ಕೂಲಿನಲ್ಲೇ ಚಿತ್ರೀಕರಿಸಿದರು. ಆ ವರ್ಷದ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಪ್ರಶಸ್ತಿಯೂ ಬಂತು.

ಮೊದಲ ದೃಶ್ಯದಲ್ಲಿ ಬ್ರೆಂಡನ್ ಎಂಬ ಹುಡುಗ ಒಂದು ಮೋರಿಯ ಬಾಯಲ್ಲಿ ಕುಕ್ಕರಗಾಲಲ್ಲಿ ಕೂತು ಸತ್ತ ಎಮಿಲಿಯನ್ನು ನೋಡುತ್ತಿದ್ದಾನೆ. ಅವಳು ಅವನ ಹಳೆಯ ಗೆಳತಿ. ಆಮೇಲೆ ಕಥೆ ಎರಡು ದಿನ ಹಿಂದಕ್ಕೆ ಹೋಗುತ್ತದೆ. ಎಮಿಲಿ ಫೋನ್ ಮಾಡಿ ಗಾಬರಿಯಲ್ಲಿ ಅರ್ಥವಾಗದ ಮೂರ್ನಾಲ್ಕು ಪದ ಹೇಳಿ ಇಡುತ್ತಾಳೆ. ಅವನ ಕೈಯಲ್ಲಿ ಇರುವುದು ಆ ಪದಗಳಷ್ಟೇ. ಒಂದೊಂದರ ಅರ್ಥ ಹುಡುಕುತ್ತಾ ಹೋಗುತ್ತಾನೆ, ಹೊಡೆತ ತಿನ್ನುತ್ತಾನೆ, ಮತ್ತೆ ಎದ್ದು ಹೋಗುತ್ತಾನೆ.

ವಿಚಿತ್ರ ಅಂದರೆ ಈ ಮಕ್ಕಳು ಮಾತಾಡುವುದು ಹಳೆಯ ಕಪ್ಪು ಬಿಳುಪು ಪತ್ತೇದಾರಿ ಸಿನಿಮಾದ ದೊಡ್ಡವರ ಥರ. ಸುಮ್ನೆ ಕೇಳಿದರೆ ನಗು ಬರಬೇಕು. ಬರುವುದಿಲ್ಲ. ಬ್ರೆಂಡನ್‌ನ ದುಃಖ ಅಷ್ಟು ಗಟ್ಟಿ. ನಗು ಎಲ್ಲಿ ಬೇಕೋ ಅಲ್ಲಿ ನಿರ್ದೇಶಕರೇ ಇಟ್ಟಿದ್ದಾರೆ. ಊರಿನ ಡ್ರಗ್ಸ್ ದಂಧೆಯ ಭಯಂಕರ ಮುಖಂಡ ಇನ್ನೂ ಅಮ್ಮನ ಮನೆಯಲ್ಲೇ ಇರುವವನು. ಒಳಗೆ ಕೊಲೆ ಗಿಲೆ ಮಾತುಕತೆ ನಡೆದ ಮೇಲೆ ಹುಡುಗರೆಲ್ಲ ಅಡುಗೆಮನೆ ಮೇಜಿನ ಸುತ್ತ ಕೂತಿರುತ್ತಾರೆ, ಅವನ ಅಮ್ಮ ಅಕ್ಕರೆಯಿಂದ ಎಲ್ಲರಿಗೂ ಜ್ಯೂಸ್ ಬಗ್ಗಿಸಿ ಕೊಡುತ್ತಾಳೆ. ಆ ಒಂದು ದೃಶ್ಯಕ್ಕಾಗಿ ಸಿನಿಮಾ ನೋಡಬಹುದು.

ತೊಂದರೆ ಏನೆಂದರೆ ಮಾತು ಬಹಳ ವೇಗ, ಗೂಢ ಪದಗಳು ಜಾಸ್ತಿ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರಿಗೂ ಸಬ್‌ಟೈಟಲ್ ಇಲ್ಲದೆ ಹಿಡಿಯುವುದು ಕಷ್ಟ. ಫೋನ್ ನೋಡುತ್ತಾ ನೋಡುವ ಸಿನಿಮಾ ಅಲ್ಲ ಇದು. ಉಡುಪಿ-ಮಂಗಳೂರು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ನೋಡುವವರೂ ಇದನ್ನು ಬಿಡಿ. ಕಂಡಕ್ಟರ್ ಕೂಗಿಗೆ ಒಂದು ಸುಳಿವು ತಪ್ಪಿದರೆ ಮುಗಿಯಿತು.

‘ಗುಡ್ ಗರ್ಲ್ಸ್ ಗೈಡ್’ ಹಾಗಲ್ಲ. ಹಾಲಿ ಜ್ಯಾಕ್ಸನ್ ಅವರ 2019ರ ಕಾದಂಬರಿ, 2024ರಲ್ಲಿ ಬಿಬಿಸಿ ಆರು ಕಂತಿನ ಸರಣಿ ಮಾಡಿತು. ನಮ್ಮಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂತು. ಇಂಗ್ಲೆಂಡಿನ ಒಂದು ಸಣ್ಣ ಊರು. ಐದು ವರ್ಷದ ಹಿಂದೆ ಆಂಡಿ ಎಂಬ ಹುಡುಗಿ ಕಾಣೆಯಾದಳು. ಅವಳ ಗೆಳೆಯ ಸಾಲ್ ಸಿಂಗ್ ಕೊಂದದ್ದು ಅಂತ ಊರು ತೀರ್ಮಾನ ಮಾಡಿ ಫೈಲು ಮುಚ್ಚಿದೆ. ಸಾಲ್ ಕೂಡ ಸತ್ತಿದ್ದಾನೆ. ಹದಿನೇಳರ ಪಿಪ್‌ಗೆ ಮಾತ್ರ ನಂಬಿಕೆ ಇಲ್ಲ. ಶಾಲೆಯ ಪ್ರಾಜೆಕ್ಟ್‌ಗೆ ಅದೇ ಕೇಸನ್ನು ತೆಗೆದುಕೊಳ್ಳುತ್ತಾಳೆ.

ಕೊಲೆಯನ್ನು ಪ್ರಾಜೆಕ್ಟ್ ವರ್ಕ್ ಮಾಡುವುದು! ಇಂಟರ್ನಲ್ ಮಾರ್ಕ್ಸ್‌ಗೆ ರಾತ್ರಿ ಹನ್ನೊಂದಕ್ಕೆ ಗೂಗಲ್ ಮಾಡುವ ನಮ್ಮ ಮಕ್ಕಳಿಗೆ ಇದು ಎಷ್ಟು ಹತ್ತಿರ ನೋಡಿ. ಪಿಪ್ ಜನರನ್ನು ಮಾತಾಡಿಸುತ್ತಾಳೆ, ರೆಕಾರ್ಡ್ ಮಾಡುತ್ತಾಳೆ, ಗೋಡೆಗೆ ಚೀಟಿ ಅಂಟಿಸುತ್ತಾಳೆ, ತಪ್ಪು ಜನರ ಮೇಲೆ ಅನುಮಾನ ಪಡುತ್ತಾಳೆ. ಸುಳಿವು ಅವಳಿಗೆ ಸಿಕ್ಕಾಗಲೇ ನಮಗೂ ಸಿಗುತ್ತದೆ. ನಾಕ್ಸ್ ಪಾದ್ರಿ ಬದುಕಿದ್ದರೆ ಖುಷಿ ಪಡುತ್ತಿದ್ದರು.

ಸತ್ತವರ ಮಟ್ಟಿಗೆ ಇದು ‘ಪ್ರಾಮ್ ಕ್ವೀನ್’ನ ನೇರ ವಿರುದ್ಧ. ಸಾಲ್‌ನ ತಮ್ಮ ರವಿ ಅದೇ ಊರಿನಲ್ಲಿ ಬದುಕುತ್ತಿದ್ದಾನೆ, ಕೊಲೆಗಾರನ ತಮ್ಮ ಎಂಬ ಹಣೆಪಟ್ಟಿ ಹೊತ್ತುಕೊಂಡು. ಕೊಲೆ ಆದಮೇಲೆ ಒಂದು ಮನೆ ಹೇಗಿರುತ್ತದೆ, ಊರು ಒಬ್ಬನನ್ನು ಅಪರಾಧಿ ಅಂತ ಎಷ್ಟು ಸಲೀಸಾಗಿ ಒಪ್ಪಿಕೊಳ್ಳುತ್ತದೆ, ಅವನ ಹೆಸರು ಬೇರೆ ಇದ್ದರೆ ಎಷ್ಟು ಬೇಗ ಒಪ್ಪಿಕೊಳ್ಳುತ್ತದೆ, ಎಲ್ಲ ಅಲ್ಲಿದೆ. ಆಂಡಿಯನ್ನೂ ದೇವತೆ ಮಾಡಿ ಕೂರಿಸಿಲ್ಲ. ಅವಳ ಬಗ್ಗೆ ತಿಳಿದಷ್ಟೂ ಅವಳು ಕಷ್ಟದ ಹುಡುಗಿ ಅನ್ನಿಸುತ್ತಾಳೆ.

ಸರಣಿಯ ಕೊನೆಯ ಕಂತುಗಳಲ್ಲಿ ಸ್ವಲ್ಪ ಅವಸರ ಇದೆ. ಓದುವ ಅಭ್ಯಾಸ ಇರುವ ಮಕ್ಕಳಿಗೆ ಮೊದಲು ಪುಸ್ತಕ ಕೊಡಿಸಿ, ಅದೇ ಮೇಲು. ಪಿಪ್‌ಳ ಟಿಪ್ಪಣಿ, ಸಂದರ್ಶನ ಎಲ್ಲ ಪುಟದ ಮೇಲೇ ಇರುವುದರಿಂದ ಓದುವವರೂ ಜೊತೆಗೆ ತನಿಖೆ ಮಾಡಬಹುದು.

ಹಾಗಾದರೆ ಯಾವುದು? ಮಕ್ಕಳ ಜೊತೆ ಆದರೆ ‘ಗುಡ್ ಗರ್ಲ್ಸ್ ಗೈಡ್’, ಕಣ್ಣು ಮುಚ್ಚಿ. ಒಬ್ಬರೇ ಇದ್ದರೆ, ಸಿನಿಮಾ ಅಂದರೆ ಹುಚ್ಚು ಇದ್ದರೆ ‘ಬ್ರಿಕ್’.

ನಮ್ಮ ಭಾಷೆ, ನಮ್ಮ ಕಡೆಯದ್ದು ಬೇಕು ಅನ್ನುವವರಿಗೆ

ಪ್ರಾಮ್, ಕಿರೀಟ, ಲಾಕರ್ ಎಲ್ಲ ಬೇಡ, ನಮ್ಮ ಥರದ ಊರು ಬೇಕು ಅನ್ನುವವರಿಗೆ ಮೊದಲ ಹೆಸರು ‘ಸುಳಲ್: ದಿ ವೋರ್ಟೆಕ್ಸ್’. ಪುಷ್ಕರ್-ಗಾಯತ್ರಿ ಬರೆದ ತಮಿಳು ಸರಣಿ, 2022ರ ಜೂನ್‌ನಲ್ಲಿ ಅಮೆಜಾನ್ ಪ್ರೈಮ್‌ಗೆ ಬಂತು, ಮೊದಲ ಸೀಸನ್ ಎಂಟು ಕಂತು. ಕನ್ನಡ ಡಬ್ಬಿಂಗ್ ಕೂಡ ಉಂಟು. ಒಂದು ಸಣ್ಣ ಊರು, ಸಿಮೆಂಟ್ ಫ್ಯಾಕ್ಟರಿ, ಜಾತ್ರೆಯ ರಾತ್ರಿ. ಅದೇ ರಾತ್ರಿ ಫ್ಯಾಕ್ಟರಿಗೆ ಬೆಂಕಿ ಬೀಳುತ್ತದೆ, ಕಾರ್ಮಿಕ ಮುಖಂಡನ ಮಗಳು ನಿಲಾ ಕಾಣೆಯಾಗುತ್ತಾಳೆ.

ಬೀದಿಯಲ್ಲಿ ದೇವರ ವೇಷ, ಡೋಲು, ಕುಣಿತ. ಆ ಗದ್ದಲದಲ್ಲಿ ಒಬ್ಬಳು ಇಲ್ಲ ಅಂತ ಗೊತ್ತಾಗಲೂ ಹೊತ್ತು ಬೇಕು. ಕೋಲ, ತೇರು, ಹುಲಿವೇಷ ನೋಡಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಿಲಾಳ ಅಕ್ಕ ನಂದಿನಿ ಊರಿಗೆ ವಾಪಸ್ ಬರುತ್ತಾಳೆ. ಅವಳ ಮೌನದಲ್ಲೇ ಅರ್ಧ ಕಥೆ ಇದೆ. ಒಂದು ಎಚ್ಚರಿಕೆ ಹೇಳಲೇಬೇಕು: ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ಈ ಕಥೆಯಲ್ಲಿ ಬರುತ್ತದೆ. ಸಣ್ಣ ಮಕ್ಕಳನ್ನು ಕೂರಿಸಿಕೊಂಡು ನೋಡುವಂಥದ್ದಲ್ಲ. ಆದರೆ ಹದಿನೇಳು ಹದಿನೆಂಟರ ಮಕ್ಕಳ ಜೊತೆ ನೋಡಿ ಆಮೇಲೆ ಕೂತು ಮಾತಾಡುವಂಥದ್ದು ಹೌದು.

ಹಿಂದಿಯ ‘ಕ್ಲಾಸ್’ (2023) ದೆಹಲಿಯ ಶ್ರೀಮಂತ ಶಾಲೆಯ ಕೊಲೆ ಕಥೆ. ಸ್ಪೇನಿನ ‘ಎಲೀಟ್’ನ ಭಾರತೀಯ ರೂಪ. ಬಡ ಹುಡುಗರು ಮೂವರು ಅಲ್ಲಿಗೆ ಸೇರುವುದರಿಂದ ಶುರು. ಜಾತಿ, ದುಡ್ಡಿನ ಬಗ್ಗೆ ಹೇಳುವುದು ಗಟ್ಟಿಯಾಗಿದೆ, ಕೊಲೆಯ ರಹಸ್ಯ ತೆಳು. ಹಾಲ್‌ನಲ್ಲಿ ಅಜ್ಜಿ ಇದ್ದರೆ ದಯವಿಟ್ಟು ಹಾಕಬೇಡಿ.

ಕನ್ನಡದಲ್ಲಿ ಹದಿಹರೆಯದವರೇ ನಡುವಿರುವ ಕೊಲೆ ರಹಸ್ಯ ಕಡಿಮೆ. ಯಾಕೋ ನಮ್ಮವರಿಗೆ ಪೊಲೀಸ್ ಅಧಿಕಾರಿ ಇಲ್ಲದೆ ತನಿಖೆ ಶುರುವಾಗುವುದೇ ಇಲ್ಲ. ಕೊಲೆಯ ಸುತ್ತ ನಮ್ಮ ಊರನ್ನು ನೋಡಬೇಕು ಅಂದರೆ ರಕ್ಷಿತ್ ಶೆಟ್ಟಿಯವರ 2014ರ ‘ಉಳಿದವರು ಕಂಡಂತೆ’ ಇದ್ದೇ ಇದೆ. ಮಲ್ಪೆ, ಅಷ್ಟಮಿ, ಹುಲಿವೇಷ. ಒಂದೇ ಘಟನೆಯನ್ನು ಬೇರೆ ಬೇರೆ ಜನ ಕಂಡಂತೆ ಅಧ್ಯಾಯಗಳಾಗಿ ಹೇಳುವ ಕಥೆ. ಟೀನೇಜ್ ಸಿನಿಮಾ ಅಲ್ಲ. ಆದರೆ ‘ಪ್ರಾಮ್ ಕ್ವೀನ್’ನಲ್ಲಿ ಏನಿಲ್ಲ ಅಂತ ಗೊತ್ತಾಗಬೇಕಾದರೆ ಇದನ್ನು ನೋಡಬೇಕು. ಸಾಯುವವರು ಇಲ್ಲಿ ಯಾರದ್ದೋ ಮಗ, ಯಾರದ್ದೋ ಗೆಳೆಯ. ಮೀನಿನ ವಾಸನೆ ಸಮೇತ.

ಮಣಿಪಾಲದಲ್ಲೋ ಮಂಗಳೂರಿನ ಕೊಡಿಯಾಲಬೈಲಿನಲ್ಲೋ ಒಂದು ಹಾಸ್ಟೆಲ್, ಜುಲೈ ಮಳೆ, ಕರೆಂಟ್ ಇಲ್ಲದ ರಾತ್ರಿ, ದೇಶದ ಎಲ್ಲ ಕಡೆಯಿಂದ ಬಂದ ಮಕ್ಕಳು. ಇದಕ್ಕಿಂತ ಒಳ್ಳೆಯ ಜಾಗ ಬೇಕಾ ಇಂಥ ಕಥೆಗೆ? ಯಾರಾದರೂ ಬರೆಯಿರಪ್ಪ.

ಯಾರ ಜೊತೆ ನೋಡುತ್ತೀರಿ?

ಒಂದು ತಮಾಷೆ ನೋಡಿ. ‘ಪ್ರಾಮ್ ಕ್ವೀನ್’, ಮೂರು ‘ಫಿಯರ್ ಸ್ಟ್ರೀಟ್’, ‘ಸ್ಕ್ರೀಮ್’, ‘ಬ್ರಿಕ್’ ಎಲ್ಲಕ್ಕೂ ಅಮೆರಿಕದಲ್ಲಿ ಆರ್ ರೇಟಿಂಗ್. ಅಂದರೆ ಹದಿನಾರರ ಮಕ್ಕಳ ಕಥೆ, ಆದರೆ ಹದಿನಾರರ ಮಕ್ಕಳು ದೊಡ್ಡವರ ಜೊತೆಗಲ್ಲದೆ ಥಿಯೇಟರ್‌ಗೆ ಹೋಗುವಂತಿಲ್ಲ. ನಮ್ಮಲ್ಲಿ 2021ರ ಐಟಿ ನಿಯಮಗಳು ಬಂದ ಮೇಲೆ ಒಟಿಟಿಯಲ್ಲಿ ಯು, ಯು/ಎ 7+, ಯು/ಎ 13+, ಯು/ಎ 16+, ಎ ಅಂತ ವಿಂಗಡಣೆ ಇದೆ. ಶುರುವಾಗುವಾಗ ಪರದೆಯ ಮೂಲೆಯಲ್ಲಿ ಬರುತ್ತದೆ, ಪಕ್ಕದಲ್ಲೇ ಹಿಂಸೆ, ಮಾದಕವಸ್ತು ಅಂತ ಕಾರಣವನ್ನೂ ಬರೆದಿರುತ್ತಾರೆ. 13+ ಮತ್ತು ಅದಕ್ಕಿಂತ ಮೇಲಿನದ್ದಕ್ಕೆ ಪೋಷಕರು ಲಾಕ್ ಹಾಕುವ ಸೌಲಭ್ಯ ಕೊಡಲೇಬೇಕು ಎಂಬ ನಿಯಮವೂ ಉಂಟು. ಲಾಕ್ ಹಾಕುವ ವಿಧಾನವನ್ನು ಮಕ್ಕಳ ಹತ್ತಿರವೇ ಕೇಳಿ ತಿಳಿದುಕೊಳ್ಳಬೇಕಾದ ಪರಿಸ್ಥಿತಿ ಬಹಳ ಮನೆಗಳಲ್ಲಿದೆ, ಅದು ಬೇರೆ ಮಾತು.

ಅಪ್ಪ ಅಮ್ಮ ಮಕ್ಕಳು ಎಲ್ಲ ಒಟ್ಟಿಗೆ ಕೂತರೆ ಹಾರರ್‌ಗಿಂತ ತನಿಖೆಯ ಕಥೆ ಮೇಲು. ಮಧ್ಯೆ ನಿಲ್ಲಿಸಿ ‘ನಿನ್ನ ಪ್ರಕಾರ ಯಾರು?’ ಅಂತ ಕೇಳಿಕೊಳ್ಳಬಹುದು. ಹಾಸ್ಟೆಲ್ ರೂಮಿನಲ್ಲಿ ಏಳೆಂಟು ಜನ, ಒಂದು ಲ್ಯಾಪ್‌ಟಾಪ್, ಒಂದು ತಟ್ಟೆ ಗೋಳಿಬಜೆ ಅಂದರೆ ‘ಸ್ಕ್ರೀಮ್’. ಅಲ್ಲಿ ಕಿರುಚಾಡುವುದೇ ಮಜಾ. ಸೀರಿಯಲ್ ನೋಡಿ ಅಭ್ಯಾಸ ಇರುವ ಅಮ್ಮಂದಿರು ‘ಸುಳಲ್’ ಅನ್ನು ಒಂದೇ ಗುಕ್ಕಿಗೆ ಮುಗಿಸುತ್ತಾರೆ, ಕೊಲೆಗಾರನನ್ನೂ ನಮಗಿಂತ ಮೊದಲೇ ಹಿಡಿಯುತ್ತಾರೆ.

ಹಳೆಯ ಸಿನಿಮಾಗಳು ಒಂದು ಆ್ಯಪ್‌ನಿಂದ ಇನ್ನೊಂದಕ್ಕೆ ಹಾರುತ್ತಲೇ ಇರುತ್ತವೆ. ಹಾಗಾಗಿ ‘ಸ್ಕ್ರೀಮ್’, ‘ಬ್ರಿಕ್’ ಎಲ್ಲಿವೆ ಅಂತ ಹುಡುಕಿಯೇ ನೋಡಬೇಕು. ಹುಡುಕುವಾಗ ‘ಸ್ಕ್ರೀಮ್’ ಅಂತ ಬರೆದರೆ 2022ರದ್ದೂ ಅದೇ ಹೆಸರಿನಲ್ಲಿ ಬರುತ್ತದೆ, ವರ್ಷ ನೋಡಿ ಒತ್ತಿ. ಮಳೆಗಾಲ ಅಂದರೆ ನೆಟ್ ನಂಬುವಂತಿಲ್ಲ. ಕರೆಂಟ್ ಇರುವಾಗಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ಇಲ್ಲವಾದರೆ ಮುಖವಾಡ ಕಳಚುವ ಹೊತ್ತಿಗೆ ಸರಿಯಾಗಿ ಚಕ್ರ ತಿರುಗುತ್ತಾ ಕೂರುತ್ತದೆ.